ಗರಡಿಮನೆಯ ಕೊನೆಯ ಮೊಳೆ

ಗುಡ್ಡಪ್ಪ ಹೊಸ್ತಿಲಲ್ಲೇ ನಿಂತು ಎರಡು ಹಿತ್ತಾಳೆ ತಂಬಿಗೆಗಳನ್ನು ಸೀತವ್ವನ ಕೈಗಿತ್ತ. ಒಂದರ ಕೊರಳಿಗೆ ಕೆಂಪು ದಾರ ಸುತ್ತಿತ್ತು.

"ದಾರ ಇದ್ದದ್ದು ನಂದು, ತಂಗಿ. ಅದಕ್ಕ ಸಕ್ಕರಿ ಹಾಕಿಲ್ಲ. ಅದಲ ಬದಲ ಮಾಡಬ್ಯಾಡ ಮತ್ತ."

ಸೀತವ್ವ ಆ ದಾರವನ್ನೇ ನೋಡಿದಳು. ಇಷ್ಟು ದಿನ ತಂದ ತಂಬಿಗೆಗಳಿಗೆ ದಾರವೂ ಇರಲಿಲ್ಲ, ಗುರುತೂ ಇರಲಿಲ್ಲ.

ಒಳಗೆ ಅವಳ ಗಂಡ ಖಂಡೆಪ್ಪ ಮಂಚ ಹಿಡಿದು ಮಲಗಿದ್ದ. ಒಂದು ಕಾಲಕ್ಕೆ ನಾಗನೂರಿನ ಖಂಡೆಪ್ಪ ಪೈಲ್ವಾನ ಕಣಕ್ಕಿಳಿದರೆ ಸಂಕೇಶ್ವರದಿಂದ ಕೊಲ್ಹಾಪುರದ ತನಕ ಜನ ಎದ್ದು ನಿಲ್ಲುತ್ತಿದ್ದರು. ಈಗ ಹೊಟ್ಟೆಯೊಳಗಿನ ಗಡ್ಡೆಯೊಂದು ಅವನನ್ನು ನೆಲಕ್ಕೆ ಕೆಡವಿತ್ತು. ಗೋಕಾಕಿನ ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಸೀತವ್ವ ಮಾತ್ರ ಕೈಚೆಲ್ಲುವವಳಲ್ಲ. ದೀಪಾವಳಿ ಕಳೆದರೆ ಮೊಮ್ಮಗಳು ದೀಪಾಳ ಮದುವೆ. ಅಕ್ಕಿಕಾಳು ಹಾಕುವ ತನಕವಾದರೂ ಗಂಡ ಬದುಕಬೇಕು ಎಂದು ಹಟ ಹಿಡಿದು ಕೂತಿದ್ದಳು.

ಅಂಥ ಹೊತ್ತಿನಲ್ಲಿ ಬಂದವನು ಈ ಗುಡ್ಡಪ್ಪ. ಇವನೂ ಇದೇ ಊರಿನ ಹೆಸರಾಂತ ಪೈಲ್ವಾನನಾಗಿದ್ದ. ಸಂಕೇಶ್ವರದ ಕಣದಲ್ಲಿ ಖಂಡೆಪ್ಪ ಇವನ ಮೊಣಕಾಲು ಮುರಿದಿದ್ದ. ಅಂದಿನಿಂದ ಗುಡ್ಡಪ್ಪನಿಗೆ ಕುಸ್ತಿಯೂ ಇಲ್ಲ, ಮದುವೆಯೂ ಇಲ್ಲ, ಈ ಮನೆಯ ದಾರಿಯೂ ಇಲ್ಲ. ಹಾಗಿದ್ದವನು ಖಂಡೆಪ್ಪ ಹಾಸಿಗೆ ಹಿಡಿದ ಸುದ್ದಿ ಕೇಳಿದ್ದೇ ತಡ, ದಿನಾ ಬದಾಮಿ ಅರೆದ ಹಾಲು ಹೊತ್ತು ಕುಂಟುತ್ತಾ ಬರತೊಡಗಿದ. ಪೈಲ್ವಾನರು ಒಬ್ಬರೇ ಹಾಲು ಕುಡಿಯಬಾರದಂತೆ. ಅದಕ್ಕೇ ಎರಡು ತಂಬಿಗೆ. ಬಂದವನ ಬಾಯಲ್ಲಿ ಒಂದೇ ಪ್ರಶ್ನೆ: "ಡಾಕ್ಟರು ಏನಂದ್ರು? ಇನ್ನ ಎಷ್ಟ ದಿನಾ?"

ಸಾಯುವವನ ಮನೆಯಲ್ಲಿ ಕೇಳುವ ಮಾತೇ ಅದು? ಸೀತವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಖಂಡೆಪ್ಪನಿಗೋ ಹಳೆಯ ಜಿದ್ದೇ ತಮಾಷೆ. ಗರಡಿಮನೆಯ ಗೋಡೆಯ ಮೇಲೆ ಊರಿಗೆ ಹೆಸರು ತಂದವರ ಫೋಟೋಗಳಿದ್ದವು. ಪೈಲ್ವಾನರು, ಡೊಳ್ಳಿನ ಹಾಡುಗಾರರು, ಸಾಲಿ ಕಟ್ಟಿಸಿದ ಮಾಸ್ತರರು, ಎಲ್ಲರೂ ಮಾಲೆ ಹಾಕಿಸಿಕೊಂಡವರು. ಹೆಸರು ಎಷ್ಟೇ ದೊಡ್ಡದಿರಲಿ, ಉಸಿರಿರುವ ತನಕ ಯಾರನ್ನೂ ಅಲ್ಲಿ ಏರಿಸುವ ರೂಢಿಯಿಲ್ಲ. ಈಗ ಬಾಗಿಲ ಪಕ್ಕ ಒಂದೇ ಮೊಳೆ ಖಾಲಿ. ಅದು ತುಂಬಿದರೆ ಮುಗಿಯಿತು, ಇನ್ನೊಂದು ಗೋಡೆಗೆ ಕೈ ಹಚ್ಚುವುದಿಲ್ಲವೆಂದು ಹಿರಿಯರು ಠರಾವು ಮಾಡಿದ್ದರು.

"ಗುಡ್ಡ್ಯಾ, ಆ ಮೊಳಿ ನಂದಪಾ," ಎನ್ನುತ್ತಿದ್ದ ಖಂಡೆಪ್ಪ ಕೆಮ್ಮುತ್ತಾ. "ಅಲ್ಲೂ ನಿನ್ನ ಚಿತ್ ಮಾಡತೇನಿ ನೋಡ."

"ಅವಸರ ಮಾಡಬ್ಯಾಡ. ಮೊದಲ ಹಾಲ ಕುಡಿ," ಎನ್ನುತ್ತಿದ್ದ ಗುಡ್ಡಪ್ಪ. ಅವನು ನಕ್ಕಿದ್ದನ್ನು ಸೀತವ್ವ ಒಮ್ಮೆಯೂ ನೋಡಲಿಲ್ಲ.

ನಿನ್ನೆ ಹಾಲು ಕುಡಿದ ಮೇಲೆ ಖಂಡೆಪ್ಪ ವಾಂತಿ ಮಾಡಿಕೊಂಡ. ಸಂಜೆ ಮೂಡಲಗಿಯಿಂದ ಬಂದ ದೀಪಾ ಇನ್ನೊಂದು ಸುದ್ದಿ ತಂದಳು.

"ಆಯಿ, ಗುಡ್ಡಪ್ಪ ಮುತ್ಯಾ ಪ್ಯಾಟ್ಯಾಗ ಬೆಳಿಗೆ ಹೊಡಿಯೂ ಔಷಧದ ಅಂಗಡಿಯಿಂದ ಹೊರಗ ಬಂದ. ನನ್ನ ನೋಡಿದವನ ಏನೋ ಅಂಗಿ ಒಳಗ ಮುಚ್ಚಿಟ್ಟಗೊಂಡ."

ಗುಡ್ಡಪ್ಪನಿಗೆ ಹೊಲವಿಲ್ಲ. ಇದ್ದದ್ದನ್ನು ಮಾರಿ ಯಾವುದೋ ಕಾಲವಾಗಿತ್ತು. ಸಂಶಯ ಒಮ್ಮೆ ಹೊಕ್ಕರೆ ಅನ್ನ ನೀರು ಸೇರಗೊಡುವುದಿಲ್ಲ ನೋಡಿ. ಸೀತವ್ವ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ.

ಈಗ ಕೆಂಪು ದಾರ ಕೈಯಲ್ಲಿತ್ತು.

ಗುಡ್ಡಪ್ಪ ಇಂದು ಹೊಸ ಧೋತರ ಉಟ್ಟು, ಪಟಗ ಸುತ್ತಿ, ಹಣೆತುಂಬ ಭಂಡಾರ ಬಳಿದುಕೊಂಡು ಬಂದಿದ್ದ. ರೂಢಿಯಂತೆ ಕಾಲು ತೊಳೆಯಲು ಅಂಗಳದ ಕಡೆ ಹೋದ. ಚೀರಿದರೆ ಯಾರು ನಂಬುತ್ತಾರೆ? ದಿನಾ ಹಾಲು ತರುವವನನ್ನು ಊರೇ ಹೊಗಳುತ್ತಿತ್ತು. ಸೀತವ್ವ ಹಲ್ಲು ಕಚ್ಚಿ ದಾರ ಬಿಚ್ಚಿದಳು. ಇನ್ನೊಂದು ತಂಬಿಗೆಯ ಕೊರಳಿಗೆ ಸುತ್ತಿದಳು. ಹಾಲು ಚೊಕ್ಕವಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಇಲ್ಲದಿದ್ದರೆ ಕಲಸಿದವನೇ ಕುಡಿಯಲಿ!

ಗುಡ್ಡಪ್ಪ ಒಳಗೆ ಬಂದು ಮಂಚದ ಬಾಜೂ ಕೂತ. ಖಂಡೆಪ್ಪನ ಕೈ ಹಿಡಿದುಕೊಂಡ.

"ಏನಾರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೊ, ಖಂಡ್ಯಾ. ಇವತ್ತಿಗೆ ನಮ್ಮ ಜಿದ್ದು ಮುಗೀತು."

"ಏನೋ ಹೊಂಟವರಂಗ ಮಾತಾಡತಿ," ಎಂದು ಖಂಡೆಪ್ಪ ನಕ್ಕ.

ಸೀತವ್ವ ಗಂಡನ ತಲೆ ಎತ್ತಿ ಹಿಡಿದು ತಾನೇ ಕುಡಿಸಿದಳು. ಗುಡ್ಡಪ್ಪ ದಾರದ ತಂಬಿಗೆ ಎತ್ತಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಬರಿದು ಮಾಡಿದ. ತುಟಿಯನ್ನೊಮ್ಮೆ ಸವರಿಕೊಂಡು ಹುಬ್ಬು ಗಂಟಿಕ್ಕಿದ. ಎದ್ದು ಹೋದ. ಸೀತವ್ವ ಬಾಗಿಲಿಗೆ ಒರಗಿ ಅವನ ಬೆನ್ನನ್ನೇ ನೋಡಿದಳು. ಗಂಡ ಉಳಿದನಲ್ಲ ಎಂಬ ಸಮಾಧಾನ ಹೊಟ್ಟೆಯೊಳಗೆ ತಣ್ಣಗೆ ಇಳಿಯಿತು.

ದೀಪ ಹಚ್ಚುವ ಹೊತ್ತಿಗೆ ಖಂಡೆಪ್ಪ ತೀರಿಕೊಂಡ.

ಊರಿನವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಂದೋ ನಾಳೆಯೋ ಎನ್ನುವಂತಿದ್ದ ಜೀವ. ಸೀತವ್ವ ಮಾತ್ರ ಅಳುವುದನ್ನೂ ಮರೆತು ಕೂತಿದ್ದಳು. ಗರಡಿಮನೆಯ ಹಿರಿಯ ಸಿದ್ರಾಯ ಬಂದು, ಕೊನೆಯ ಮೊಳೆಗೆ ಖಂಡೆಪ್ಪನದೇ ಫೋಟೋ ಎಂದು ಎಲ್ಲರೆದುರು ಹೇಳಿದ. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಗುಡ್ಡಪ್ಪ ಬಂದ. ಗಟ್ಟಿಮುಟ್ಟಾಗಿದ್ದ. ಹೆಣದ ಮುಖ ನೋಡಿ ಅವನು ಗೊಳೋ ಎಂದು ಅತ್ತ. ಆಮೇಲೆ ಸೀತವ್ವನ ಬಳಿ ಕುಸಿದು ಕೂತು, ಅವಳೊಬ್ಬಳಿಗೇ ಕೇಳುವಂತೆ ಅಂದ:

"ಇವನಕಿಂತ ಮೊದಲ ಹೋಗಿ ಆ ಮೊಳಿ ಹಿಡೀಬೇಕಂತ ನಾ ಮನ್ಯಾಗ ಸಾವಿನ ಹಾದಿ ಕಾಯಕೋತ ಮಲಗಿದ್ದೆ, ತಂಗಿ... ನನ್ನ ತಂಬಗಿ ಇವನಿಗೆ ಯಾರು ಕೊಟ್ಟರು?"