ಅವಳನ್ನೇ ಕರಿ

ಆ ಕಾಲದಲ್ಲಿ ಎಲ್ಲರ ಫೋನುಗಳೂ ತಮ್ಮ ಮಾಲೀಕರ ದನಿಯಲ್ಲಿ ತಾವೇ ಮಾತಾಡಿ ಕರೆ ಮುಗಿಸುತ್ತಿದ್ದವು. ಮೈಸೂರಿನ ಪ್ರಫುಲ್ಲಾಳ ಕಂಪನಿಯ ಫೋನಿಗೆ ಮಾತ್ರ ಆ ವಿದ್ಯೆ ಇರಲಿಲ್ಲ. ಕೊಳ್ಳುವವರಿಲ್ಲದೆ ಕಾರ್ಖಾನೆ ಮುಚ್ಚುವ ಹಂತಕ್ಕೆ ಬಂದಿತ್ತು. ಕೊನೆಗೆ ಎಂಜಿನಿಯರ್ ಬಷೀರ್ ತಾನೇ ಮಾತಾಡುವ ಹೊಸ ಫೋನೊಂದನ್ನು ತಯಾರಿಸಿ ತಂದ.

ಪರೀಕ್ಷೆಗೆಂದು ಅವಳು, ಮುನಿಸಿಕೊಂಡು ದೂರವಾಗಿದ್ದ ತಂಗಿ ಸುನೀತಿಗೆ ಅದರಿಂದ ಕರೆ ಮಾಡಿದಳು. ಎರಡೂ ಫೋನುಗಳು ಅಕ್ಕತಂಗಿಯರ ದನಿಯಲ್ಲಿ ಕ್ಷಮೆ ಕೇಳಿ, ನಕ್ಕು, ರಾಜಿಯಾದವು.

"ಎಷ್ಟು ಚೆನ್ನಾಗಿ ಮಾತಾಡ್ತು ಮೇಡಂ!" ಎಂದ ಬಷೀರ್.

ಪ್ರಫುಲ್ಲಾಳ ಎದೆ ಹಗುರಾಗಲಿಲ್ಲ. ತನ್ನ ಕಂಪನಿಯ ಹಳೆಯ ಫೋನಿನಿಂದ ಮತ್ತೆ ಕರೆ ಮಾಡಿದಳು.

"ಅಕ್ಕಾ, ಊಟ ಆಯ್ತಾ?" ತಂಗಿಯ ಫೋನು ಸಕ್ಕರೆಯಂತೆ ಕೇಳಿತು.

"ನೀನು ಬೇಡ ಕಣಪ್ಪ, ಅವಳನ್ನೇ ಕರಿ."

ಬಹಳ ಹೊತ್ತಿನ ಮೇಲೆ ಒಂದು ಕೆಮ್ಮು, ಆಮೇಲೆ ಒರಟು ದನಿ: "ಈಗ ನೆನಪಾಯ್ತಾ ನಿಂಗೆ, ತಂಗಿ ಒಬ್ಳಿದಾಳೆ ಅಂತ?"

ಪ್ರಫುಲ್ಲಾ ಅಳುತ್ತ ನಕ್ಕಳು. ಹೊಸ ಫೋನು ಮಾರುಕಟ್ಟೆಗೆ ಹೋಗಲೇ ಇಲ್ಲ. ಹಳೆಯದರ ಡಬ್ಬಿಯ ಮೇಲೆ ಒಂದು ಸಾಲು ಅಚ್ಚಾಯಿತು: "ಇದರಲ್ಲಿ ನೀವೇ ಮಾತಾಡಬೇಕು."