ಬೀಗತಿಯ ಸುಳ್ಳು

"ಒಬ್ಬಾಕಿಗೇ ಹೋಗಾಕ ಅಂಜಿಕಿ ಬರ್ತದರಿ ಭಾಗಮ್ಮಾರೆ. ನೀವು ಜೋಡಿ ಬಂದ್ರ ತೋರಿಸ್ಕೋತೀನಿ," ಎಂದು ಬೀಗತಿ ಸೂಗಮ್ಮ ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಬಂದು ಬಾಗಿಲಲ್ಲಿ ನಿಂತಾಗ ಭಾಗಮ್ಮನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಹುಮನಾಬಾದಿನ ದವಾಖಾನೆಯಲ್ಲಿ ವಯಸ್ಸಾದ ಹೆಂಗಸರಿಗೆ ಎದೆಯ ಗಂಟಿನ ತಪಾಸಣೆ ನಡೆದಿತ್ತು. ಅದಕ್ಕೇ ಬಾ ಎಂದು ಭಾಗಮ್ಮನ ಮಗಳು, ಸೂಗಮ್ಮನ ಸೊಸೆ ವಿದ್ಯಾವತಿ ಫೋನಿನಲ್ಲಿ ಅಂಗಲಾಚಿದ್ದಳು. ಮಗ ಗದರಿಯೂ ನೋಡಿದ್ದ. ಭಾಗಮ್ಮ ಯಾರಿಗೂ ಬಗ್ಗಿರಲಿಲ್ಲ. ಆಕೆಯ ಅಕ್ಕ ಅಂಥದ್ದೇ ಗಂಟಿನಿಂದ ತೀರಿಕೊಂಡಿದ್ದಳು. ಅಂದಿನಿಂದ ದವಾಖಾನೆಯ ಹೆಸರೆತ್ತಿದರೆ ಸಾಕು, "ಇಲ್ಲದ್ದನ್ನ ಕೆದಕಬ್ಯಾಡ್ರಿ" ಎಂದು ಎದ್ದು ಹೋಗುವಳು. ಆದರೆ ಹೆಣ್ಣು ಕೊಟ್ಟ ಮನೆಯ ಹಿರಿಯಳೇ ಬಂದು ಕರೆದರೆ? ಜೊತೆಗೆ ಕೂತು ಬಂದರಾಯಿತೆಂದು ಬಸ್ಸು ಹತ್ತಿದಳು.

ದವಾಖಾನೆಯ ಬೆಂಚಿನ ಮೇಲೆ ಸೂಗಮ್ಮನ ಕೈ ಹಿಡಿದು ಧೈರ್ಯ ಹೇಳಿದವಳೂ ಅವಳೇ. "ಏನೂ ಆಗೂದಿಲ್ರಿ, ನಾ ಇದ್ದೀನಲ್ಲ."

ಅಷ್ಟರಲ್ಲಿ ನರ್ಸ್ ಮಹಜಬೀನ್ ಹೊರಗೆ ಬಂದಳು. ಸೂಗಮ್ಮನನ್ನು ನೋಡಿ ನಕ್ಕಳು. "ಮತ್ತ ಯಾಕ ಬಂದ್ರಿ ಅಮ್ಮಾ? ನಿಮ್ಮದು ಹೋದ ತಿಂಗಳೇ ಆಗ್ಯದಲ್ರಿ. ಎಲ್ಲಾ ಛಲೋ ಅದ ಅಂತ ಹೇಳಿದ್ವಲ್ಲ?"

ಭಾಗಮ್ಮ ಸರಕ್ಕನೆ ಕೈ ಬಿಡಿಸಿಕೊಂಡಳು. "ಅಂದ್ರ ಸುಳ್ಳು ಹೇಳಿ ಕರ್ಕೊಂಡು ಬಂದೀರಿ?" ಎಂದವಳೇ ಗೇಟಿನ ಕಡೆ ನಡೆದುಬಿಟ್ಟಳು.

ಗಂಡಿನ ತಾಯಿಯೆಂಬ ಬಿಂಕವನ್ನೆಲ್ಲ ಬಿಟ್ಟು ಸೂಗಮ್ಮ ಮೊಣಕಾಲು ನೋವಿನಲ್ಲೇ ಹಿಂದೆ ಹಿಂದೆ ಓಡಿಬಂದಳು. "ಹೌದ್ರಿ, ಸುಳ್ಳೇ ಹೇಳೀನಿ. ಏನ್ ಮಾಡ್ಲಿ? ನಿಮ್ಮ ಮಗಳು ರೊಟ್ಟಿ ಬಡಿಯುವಾಗ ಅಳ್ತಾಳ. ಯಾಕವ್ವಾ ಅಂದ್ರ ಹೊಗಿ ಅಂತಾಳ. ಗ್ಯಾಸಿನ ಒಲಿಗೆ ಎಲ್ಲೀದು ಹೊಗಿ?"

ಭಾಗಮ್ಮನ ಕಾಲುಗಳು ಅಲ್ಲೇ ನಿಂತವು. "ನನ್ನ ಮುಂದ ಆಕಿ ಒಮ್ಮಿನೂ ಅತ್ತಿಲ್ಲ."

"ಹ್ಯಾಂಗ ಅಳ್ತಾಳ್ರಿ? ನೀವು ಬೈತೀರಿ."

ಭಾಗಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ತಿರುಗಿದಳು. ತಪಾಸಣೆ ಮುಗಿಯುವ ತನಕ ಪರದೆಯ ಆಚೆ ಸೂಗಮ್ಮ ಬೀಗತಿಯ ಚೀಲ ಎದೆಗವಚಿಕೊಂಡು ನಿಂತೇ ಇದ್ದಳು. ಯಾರು ಎಷ್ಟು ಹೇಳಿದರೂ ಕೂರಲಿಲ್ಲ.

ಗಂಟು ಇತ್ತು. ಕಡಲೆಕಾಳಿನಷ್ಟು. "ಬೇಗ ಬಂದದ್ದು ಛಲೋ ಆಯ್ತು" ಎಂದರು ಡಾಕ್ಟರು. ಬೀದರಿನಲ್ಲಿ ಆಪರೇಷನ್ ಆಯಿತು. ದವಾಖಾನೆಯಿಂದ ಬಿಡುವವರೆಗೂ ಭಾಗಮ್ಮನ ಮಂಚದ ಪಕ್ಕ ಒಂದು ಕಡೆ ಮಗಳು, ಇನ್ನೊಂದು ಕಡೆ ಬೀಗತಿ. ಇನ್ನು ಅಂಜಿಕೆಯಿಲ್ಲ, ಹೇಳಿದಾಗ ಬಂದು ತೋರಿಸಿದರೆ ಸಾಕು ಎಂದು ಡಾಕ್ಟರು ಕಳಿಸಿಕೊಟ್ಟಾಗ, ಸೂಗಮ್ಮ ಆಕೆಯನ್ನು ಬಸವಕಲ್ಯಾಣಕ್ಕೆ ಹೋಗಗೊಡದೆ ಹುಮನಾಬಾದಿನ ತನ್ನ ಮನೆಗೇ ಕರೆತಂದಳು.

ನೋಡಲು ಬಂದ ಓಣಿಯ ಹೆಂಗಸೊಬ್ಬಳು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಮೆಲ್ಲಗೆ ಕೇಳಿದಳು: "ಮಗಳ ಮನ್ಯಾಗ ಇನ್ನಾ ಎಷ್ಟು ದಿನ ಇರ್ತೀರಿ?"

ಭಾಗಮ್ಮನ ಮುಖ ಸಣ್ಣದಾಯಿತು.

ಬಿಸಿ ಹಾಲು ಹಿಡಿದು ಬಂದ ಸೂಗಮ್ಮ ಲೋಟವನ್ನು ಭಾಗಮ್ಮನ ಕೈಗಿತ್ತು, ಬಂದವಳ ಕಡೆ ತಿರುಗಿದಳು.

"ಮಗಳ ಮನಿ ಎಲ್ಲೀದವ್ವಾ? ಇದು ನನ್ನ ಮನಿ. ನನ್ನ ಗೆಳತಿ ಬಂದಾಳ."