ಬಸಣ್ಣನ ತುಟಿಯ ಮೇಲೊಂದು ತೊಟ್ಟು

ಮೂರನೇ ಸಲ ಪ್ರಿಂಟ್ ಹಾಕಿದ ಬ್ಯಾನರಿನಲ್ಲೂ ಮ್ಯಾಜೆಂಟಾ ಇಂಕಿನ ತೊಟ್ಟು ಬಂದು ಬಿದ್ದದ್ದು ಬಸಣ್ಣನ ತುಟಿಯ ಮೇಲೆಯೇ.

“ನಾನು ಆಟೋ ಸ್ಟ್ಯಾಂಡ್ ಅಧ್ಯಕ್ಷ ಕಣ್ರೀ,” ಎಂದ ಬಸಣ್ಣ, ಹತ್ತಡಿ ಉದ್ದದ ರಾಜ್ಯೋತ್ಸವದ ಬ್ಯಾನರಿನಲ್ಲಿ ತನ್ನ ಮುಖವನ್ನೇ ದಿಟ್ಟಿಸುತ್ತ. “ನಾಳೆ ಬೆಳಗ್ಗೆ ಲಿಪ್‌ಸ್ಟಿಕ್ ಹಚ್ಕೊಂಡು ಬಾವುಟ ಹಾರಿಸ್ಲಾ? ನಾಲ್ಕು ಗಂಟೆಗೆ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಶಿವಾಜಿನಗರದಲ್ಲಿ ಮಾಡಿಸ್ಕೋತೀನಿ. ಆಮೇಲೆ ನಮ್ಮ ಸ್ಟ್ಯಾಂಡಿನವರು ಒಬ್ರೂ ನಿಮ್ಮ ಅಂಗಡಿ ಮೆಟ್ಲು ಹತ್ತಲ್ಲ.”

ಅವನು ಇಳಿದು ಹೋದದ್ದೇ ಅಂಗಡಿಯ ಯಜಮಾನ ಶಿವರುದ್ರಪ್ಪ ಪ್ರಿಂಟರಿನ ಕಡೆ ತಿರುಗಿದರು. ಮೆಕ್ಯಾನಿಕ್ ಫಹೀಮ್ ಅದರೊಳಗಿಂದ ತಲೆ ಹೊರಗೆ ತೆಗೆದ. ಮೊಣಕೈವರೆಗೆ ಗುಲಾಬಿ ಬಣ್ಣ. ಇಪ್ಪತ್ತು ದಿನಗಳಲ್ಲಿ ಇದು ಅವನ ಐದನೇ ಭೇಟಿ. ಇಂಕು ಸೋಸುವ ಡ್ಯಾಂಪರ್ ಬದಲಾಯಿಸಿದ್ದ, ಟ್ಯೂಬ್ ಬದಲಾಯಿಸಿದ್ದ, ವಾಷರ್ ಬದಲಾಯಿಸಿದ್ದ, ಮತ್ತೆ ಡ್ಯಾಂಪರ್ ಬದಲಾಯಿಸಿದ್ದ.

“ಇನ್ನು ಉಳಿದಿರೋದು ಇಂಕು ಚಿಮ್ಮಿಸೋ ಹೆಡ್ ಒಂದೇ ಸಾರ್. ಚೆನ್ನೈಯಿಂದ ಬರ್ಬೇಕು. ಒಂದು ವಾರ ಆಗುತ್ತೆ.”

“ಅವನು ನಾಲ್ಕು ಗಂಟೆ ಅಂತಾನೆ, ನೀನು ಒಂದು ವಾರ ಅಂತೀಯಲ್ಲೋ!”

ಮೂಲೆಯ ಕಂಪ್ಯೂಟರಿನ ಹಿಂದೆ ಕೂತಿದ್ದ ನಾಜಿಶ್ ತಲೆ ತಗ್ಗಿಸಿದಳು. ಡಿಸೈನ್ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಅವಳು ಇಡೀ ದಿನ ಆಡುವ ಮಾತೆಲ್ಲ ಒಂದು ವಿಸಿಟಿಂಗ್ ಕಾರ್ಡಿನಲ್ಲಿ ಹಿಡಿಸುತ್ತಿತ್ತು, ಮಿಕ್ಕದ್ದು ಡೈರಿಗೆ. ಆಯುಧಪೂಜೆಯ ಮರುದಿನವೇ ಅದರಲ್ಲಿ ಬರೆದಿದ್ದಳು: ‘ನಿನ್ನೆ ಮಣೆ ಬಂತು. ಇವತ್ತು ಸೋರಿಕೆ ಶುರು.’

ಪೂಜೆಯ ದಿನ ಯಜಮಾನರ ಹೆಂಡತಿ ಪ್ರೇಮಕ್ಕ, ಪ್ರಿಂಟರಿನ ಪಕ್ಕದ ತುಕ್ಕು ಹಿಡಿದ ಸ್ಟ್ಯಾಂಡಿನ ಮೇಲೆ ಸಾಲಾಗಿ ನಿಂತಿದ್ದ ನಾಲ್ಕು ಇಂಕಿನ ಬಾಟಲಿಗಳನ್ನು ಕಂಡು ಕೆನ್ನೆ ಬಡಿದುಕೊಂಡಿದ್ದರು. “ಇಂಕು ಅಂದ್ರೆ ಸರಸ್ವತಿ ಅಲ್ವೇನೇ ನಾಜಿಶ್? ಹಿಂಗಾ ಇಡೋದು?” ಮನೆಯಿಂದ ತಂದಿದ್ದ ಮಣೆಯನ್ನು ಸ್ಟ್ಯಾಂಡಿನ ಮೇಲೆ ಹಾಕಿ, ಅದರ ಮೇಲೆ ಬಾಟಲಿಗಳನ್ನು ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ ಹೋಗಿದ್ದರು. ಮಣೆ ನಾಲ್ಕು ಬೆರಳು ಎತ್ತರ. ಬಾಟಲಿ ಹೆಡ್ಡಿಗಿಂತ ಕೆಳಗಿದ್ದರೆ ಯಂತ್ರ ಬೇಕಾದಷ್ಟೇ ಇಂಕು ಎಳೆದುಕೊಳ್ಳುತ್ತದೆ. ಮೇಲೇರಿದರೆ ಇಂಕು ತಾನಾಗಿಯೇ ಇಳಿದು ತೊಟ್ಟಿಕ್ಕುತ್ತದೆ. ಇದಿಷ್ಟೂ ಡೈರಿಯಲ್ಲಿತ್ತು, ಚಿತ್ರ ಸಮೇತ. ಆದರೆ ಪೂಜೆಯ ಮಣೆ ತೆಗೆಯಿರಿ ಎಂದು ತಾನು ಹೇಳುವುದು ಹೇಗೆ? ಹನ್ನೊಂದು ರೀತಿಯಲ್ಲಿ ಬರೆದು ನೋಡಿ, ಹನ್ನೊಂದನ್ನೂ ಹೊಡೆದು ಹಾಕಿದ್ದಳು.

ಗಂಟೆ ಎರಡೂವರೆಯಾಯಿತು. ಶಿವರುದ್ರಪ್ಪ ಹೆಡ್ ತರಿಸಲು ಚೆನ್ನೈಗೆ ಫೋನ್ ಹಚ್ಚತೊಡಗಿದರು. ನಾಜಿಶ್ ಎದ್ದು ಮೆಟ್ಟಿಲ ಹತ್ತಿರ ಹೋಗಿ, ತನ್ನ ಫೋನಿನಿಂದ ಕಮ್ಮನಹಳ್ಳಿಯ ಮನೆಯಲ್ಲಿದ್ದ ಪ್ರೇಮಕ್ಕನಿಗೆ ಫೋನ್ ಮಾಡಿದಳು.

“ಆಂಟಿ, ನಾನು ನಾಜಿಶ್. ನಿಮ್ಮ ಮಣೆ ಅಂಗಡೀಲೇ ಇದೆ.” ಉತ್ತರ ಕೇಳಲು ಧೈರ್ಯ ಸಾಲದೆ ಕಟ್ ಮಾಡಿಬಿಟ್ಟಳು.

ಅರ್ಧ ಗಂಟೆಯಲ್ಲಿ ಪುಲಿಕೇಶಿನಗರದ ಆ ಅಂಗಡಿಯ ಮುಂದೆ ಆಟೋ ನಿಂತಿತು. ಪ್ರೇಮಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಇಲ್ಲಿದ್ಯಾ ಇದು! ನಾನಲ್ಲಿ ಮನೆಯೆಲ್ಲ ಜಾಲಾಡಿ, ಕೊನೆಗೆ ಕೆಲಸದ ಕಾವೇರಿ ಮೇಲೆ ಅನುಮಾನಪಟ್ಟು, ಅವಳು ಮುನಿಸ್ಕೊಂಡು ನಾಲ್ಕು ದಿನದಿಂದ ಬಂದಿಲ್ಲ! ಅಲ್ಲಾ ರೀ, ಪೂಜೆ ಆದ ಮೇಲೆ ಕದಲಿಸ್ಬೇಕು ಅನ್ನೋದು ಬೇಡ್ವಾ? ಇಪ್ಪತ್ತು ದಿನ ಹಿಂಗೇ ಕೂರಿಸ್ಕೊಂಡಿದೀರಲ್ಲ!”

ಒಂದೊಂದೇ ಬಾಟಲಿ ಇಳಿಸಿದರು. ಒಣಗಿದ ಸೇವಂತಿಗೆ ಕೊಡವಿದರು. ಮಣೆಯನ್ನು ಕಂಕುಳಲ್ಲಿಟ್ಟುಕೊಂಡು, ಬಾಡಿಗೆ ಕಾಯುತ್ತಿದ್ದ ಅದೇ ಆಟೋ ಹತ್ತಿ ಹೊರಟೇಬಿಟ್ಟರು.

ಫಹೀಮ್ ಹೆಡ್ ಒರೆಸಿ ಪ್ರಿಂಟರ್ ಚಾಲೂ ಮಾಡಿದ. ನಾಲ್ಕನೇ ಬ್ಯಾನರ್ ನಿಧಾನಕ್ಕೆ ಹೊರಗೆ ಬಂತು. ಭುವನೇಶ್ವರಿ ಬಂದಳು, ಬಾವುಟ ಬಂತು, ಹದಿನಾರು ಜನ ಸದಸ್ಯರು ಬಂದರು. ಬಸಣ್ಣನ ತುಟಿ ಬಂತು. ಮೂವರೂ ಹತ್ತಿರ ಬಾಗಿದರು. ತೊಟ್ಟು ಬೀಳಲಿಲ್ಲ.

“ನಂಗೆ ಮೊದಲ್ನೇ ದಿನಾನೇ ಡೌಟಿತ್ತು ನಾಜಿಶ್ ಬಾಜಿ,” ಎಂದು ಫಹೀಮ್ ಮೆಲ್ಲಗೆ ಹೇಳಿದ. “ಪೂಜೆ ಸಾಮಾನು, ನಾನು ಹೆಂಗೆ ತೆಗಿ ಅನ್ಲಿ? ಅದಕ್ಕೇ ಡ್ಯಾಂಪರ್ ಬದಲಾಯಿಸ್ತಾ ಕೂತೆ.”

“ಏನಂದೆ?” ಶಿವರುದ್ರಪ್ಪ ಗುಡುಗಿದರು. “ಗೊತ್ತಿದ್ದೂ ಐದು ಸಲ ಬಿಚ್ಚಿದ್ಯಾ?”

“ಅಲ್ಲಾ ಸಾರ್, ಇಷ್ಟು ವರ್ಷದಿಂದ ಮಿಷನ್ ನಡೆಸ್ತೀರ. ನಿಮಗೆ ಗೊತ್ತಾಗ್ಲಿಲ್ವಾ?”

ಶಿವರುದ್ರಪ್ಪ ಬಾಗಿಲಿಗೆ ಹೋಗಿ ಕೆಳಗೆ ಇಣುಕಿದರು. ಆಟೋ ತಿರುವು ದಾಟಿತ್ತು. “ಗೊತ್ತಿತ್ತಯ್ಯಾ,” ಎಂದರು ದನಿ ತಗ್ಗಿಸಿ. “ಅವಳು ಇಟ್ಟಿದ್ದನ್ನ ನಾನು ತೆಗೆಯೋಕಾಗುತ್ತಾ?”

ಸರಿಯಾಗಿ ನಾಲ್ಕಕ್ಕೆ ಬಸಣ್ಣ ಬಂದ. ಬ್ಯಾನರಿನ ಮುಂದೆ ಬಗ್ಗಿ ತನ್ನ ತುಟಿಯನ್ನು ಬೆರಳಿನಿಂದ ಉಜ್ಜಿ ನೋಡಿದ. ಬೆರಳಿಗೇನೂ ಅಂಟಲಿಲ್ಲ.

“ಈಗ ನೋಡಿ, ಅಧ್ಯಕ್ಷ ಅನ್ನಿಸ್ತೀನಿ. ಅದ್ಸರಿ, ಏನಾಗಿತ್ತು ಅದಕ್ಕೆ?”

ಶಿವರುದ್ರಪ್ಪ ಫಹೀಮ್‌ನ ಮುಖ ನೋಡಿದರು. ಫಹೀಮ್ ಗುಲಾಬಿ ಕೈಗಳನ್ನು ನೋಡಿಕೊಂಡ. ಮೊದಲು ಬಾಯಿ ಬಿಟ್ಟವಳು ನಾಜಿಶ್.

“ಡ್ಯಾಂಪರ್,” ಎಂದಳು.